ಗೋಮಾಳದ ಮಣ್ಣು ಯಾರಪ್ಪನ ಸ್ವತ್ತು?

ಮೈಸೂರು ಜಿಲ್ಲೆಯ ದೇವನೂರಿನ ಆಸುಪಾಸಿನ ಯಾವುದಾದರೂ ದಿಣ್ಣೆಯಿಂದ ಒಂದು ಹಿಡಿ ಕೆಂಪು ಮಣ್ಣು ತಂದು ಗಾಜಿನ ಸೀಸೆಗೆ ಹಾಕಿ. ಮುಕ್ಕಾಲು ಪಾಲು ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದೇ ನಿಮಿಷಕ್ಕೆ ಮರಳು ತಳ ಸೇರುತ್ತದೆ. ಸೀಸೆಯೊಳಗಿನ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಗಂಟೆಗಳು ಕಳೆದ ಮೇಲೆ ಅದರ ಮೇಲೆ ನುಣ್ಣನೆಯ ಹೂಳು ತೆಳ್ಳಗೆ ಕೂರುತ್ತದೆ. ಜೇಡಿ ಮಾತ್ರ ಮರುದಿನವೂ ನೀರನ್ನು ಕೆಂಪಗೆ ಕದಡಿಟ್ಟಿರುತ್ತದೆ. ನಂಜನಗೂಡು, ತಿ. ನರಸೀಪುರ ಸೀಮೆಯ ಬೆದ್ದಲಿನಲ್ಲಿ ರಾಗಿ, ಹುರುಳಿ, ಹುಲ್ಲು ಬದುಕಿರುವುದು ಆ ಚೂರು ಜೇಡಿಯ ಋಣದಲ್ಲಿ. ಊರ ದನ ಕುರಿ ಮೇಯುವ ಗೋಮಾಳಗಳಲ್ಲಿ ಆ ಮಣ್ಣನ್ನೇ ಇವತ್ತು ಜೆಸಿಬಿಯ ಬಾಯಿಗೆ ಕೊಟ್ಟು ಟಿಪ್ಪರ್ ಲೆಕ್ಕದಲ್ಲಿ ಮಾರುತ್ತಿದ್ದಾರೆ. ಬಡಾವಣೆಗೆ ಗುಂಡಿ ಮುಚ್ಚಲು, ರಸ್ತೆಗೆ ಏರಿ ಹಾಕಲು, ಇಟ್ಟಿಗೆ ಗೂಡಿಗೆ, ಕಾರ್ಖಾನೆಯ ಅಂಗಳ ಮಟ್ಟ ಮಾಡಲು. ಕೇಳಿದರೆ ಒಂದೇ ಉತ್ತರ: ಅದು ಪಾಳು ಜಾಗ ಬಿಡಿ, ಏನೂ ಬೆಳೆಯುವುದಿಲ್ಲ.

ಸುಳ್ಳು. ಹಸಿ ಸುಳ್ಳು.

ಈ ಮಣ್ಣಿನ ತಾಯಿಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದರೊಳಗಿನ ಫೆಲ್ಡ್‌ಸ್ಪಾರ್ ಬಿಸಿಲು ಮಳೆಗೆ ಕೊಳೆತು ಜೇಡಿಯಾಯಿತು. ಕೊಳೆಯದ ಬೆಣಚು ಪುಡಿಯಾಗಿ ಮರಳಾಗಿ ಉಳಿಯಿತು. ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣಿಗೆಲ್ಲ ಕೆಂಪು ಬಂತು. ಇಲ್ಲಿ ಬೀಳುವ ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಅದೂ ಮೇ ತಿಂಗಳಲ್ಲೊಂದು ಜೋರು, ಅಕ್ಟೋಬರಿನಲ್ಲೊಂದು ಜೋರು, ನಡುವೆ ಬಾಯಿ ಬಿಡುವ ಬಯಲು. ಅಷ್ಟು ಮಳೆ ಸಾವಿರಾರು ವರ್ಷ ಸುರಿದು, ಮೇಲಿನ ಜೇಡಿಯನ್ನು ಕಣಕಣವಾಗಿ ಕೆಳಗಿಳಿಸಿ ಮೇಲ್ಪದರದಡಿ ಕೂರಿಸಿದೆ. ಹಾಗಾಗಿ ಮೇಲಿನ ಮರಳು ಪದರ ಮಳೆಯನ್ನು ಗಟಗಟನೆ ಕುಡಿಯುತ್ತದೆ, ಕೆಳಗಿನ ಜೇಡಿ ಪದರ ಅದನ್ನು ಬೇರಿಗಾಗಿ ಕಾಯುತ್ತದೆ. ಅದರ ಕೆಳಗೆ ಗರಸು, ಆಮೇಲೆ ಬಂಡೆ. ಮಣ್ಣು ವಿಜ್ಞಾನಿಗಳು ಗುಂಡಿ ತೋಡಿ, ಪದರ ಅಳೆದು, ಬಣ್ಣ ಹೋಲಿಸಿ, ಕೆಳಗೆ ಜೇಡಿ ಕಟ್ಟಿಕೊಂಡ ಈ ಮಣ್ಣನ್ನು ಆಲ್ಫಿಸಾಲ್ ವರ್ಗಕ್ಕೆ ಸೇರಿಸುತ್ತಾರೆ. ದಿಣ್ಣೆಯ ನೆತ್ತಿಯಲ್ಲಿ ಪದರವೇ ಕಟ್ಟದ ತೆಳು ಗರಸು ಮಣ್ಣು ಎಂಟಿಸಾಲ್. ಅರೆಬರೆ ಪದರ ಕಟ್ಟಿದ್ದು ಇನ್ಸೆಪ್ಟಿಸಾಲ್. ತಗ್ಗಿನ ಎರೆ ವರ್ಟಿಸಾಲ್. ಒಂದೇ ಊರಿನ ದಿಣ್ಣೆಯಿಂದ ಕೆರೆ ಅಂಗಳಕ್ಕೆ ನಡೆದು ಹೋದರೆ ನಾಲ್ಕನ್ನೂ ತುಳಿದಿರಬಹುದು.

ಮರಳು ಹೆಚ್ಚಿರುವ ಈ ಕೆಂಪು ಮಣ್ಣು ಬಡವ, ಒಪ್ಪುತ್ತೇನೆ. ಸಾವಯವ ಇಂಗಾಲ ಹೆಚ್ಚಿನ ಕಡೆ ಶೇ 0.5ಕ್ಕಿಂತ ಕಡಿಮೆ. ಸಾರಜನಕ ನಿಲ್ಲುವುದಿಲ್ಲ, ಹಾಕಿದ ಗೊಬ್ಬರ ಸೋರಿ ಹೋಗುತ್ತದೆ. ಆದರೂ ಒಂದು ಮೀಟರ್ ಆಳವಿದ್ದರೆ ಸುಮಾರು 100 ಮಿಲಿಮೀಟರ್ ನೀರನ್ನು ಬೇರಿಗೆ ಸಿಗುವಂತೆ ಹಿಡಿದಿಟ್ಟುಕೊಳ್ಳುತ್ತದೆ. ಎಕರೆಗೆ ಲೆಕ್ಕ ಹಾಕಿ, ನಾಲ್ಕು ಲಕ್ಷ ಲೀಟರ್! ಕರೆಂಟಿಲ್ಲ, ಪಂಪಿಲ್ಲ, ಬಿಲ್ಲಿಲ್ಲ. ಆ ನೀರಿನಲ್ಲೇ ಹಂಚಿಹುಲ್ಲು, ಗರಿಕೆ, ತಂಗಡಿ, ಬಂದರೆ, ಎಲಚಿ ಹುಟ್ಟುತ್ತವೆ. ಇಲ್ಲಿ ಮೇದೇ ಬನ್ನೂರು ಕುರಿ ನಾಡಿಗೆಲ್ಲ ಹೆಸರಾದದ್ದು. ಆ ಕುರಿಯ ಮಾಂಸಕ್ಕೆ ಬೆಂಗಳೂರಿನಲ್ಲಿ ದುಬಾರಿ ಬೆಲೆ ಕೊಡುವವರು ಅದು ಎಲ್ಲಿ ಮೇಯಿತು ಎಂದು ಒಂದು ದಿನವಾದರೂ ಕೇಳಿದ್ದಾರೆಯೇ? ಈ ನೆಲ ಸಾಕಿದ್ದು ಕುರಿಯನ್ನಷ್ಟೇ ಅಲ್ಲ. ತಿ. ನರಸೀಪುರದ ಸಂಗಮದ ದಂಡೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ಉತ್ಖನನ ಮಾಡಿ ನವಶಿಲಾಯುಗದ ಜನರ ನೆಲೆಯನ್ನೂ ಸಮಾಧಿಗಳನ್ನೂ ಬೆಳಕಿಗೆ ತಂದರು. ಮೂರೂವರೆ ಸಾವಿರ ವರ್ಷಗಳಿಂದ ಮನುಷ್ಯರನ್ನು ಸಾಕಿದ ನೆಲಕ್ಕೆ ನಾವು ಪಾಳು ಎನ್ನುತ್ತಿದ್ದೇವೆ.

ಅಗೆದಾಗ ಏನಾಗುತ್ತದೆಂದು ಹತ್ತಿರ ಹೋಗಿ ನೋಡಬೇಕು. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ದೊಡ್ಡ ಯಂತ್ರಕ್ಕೆ ಅದು ಹೆಚ್ಚು ದಿನದ ಕೆಲಸವಲ್ಲ. ಹುಲ್ಲಿನ ಬೀಜ, ಬೇರು, ಗೆದ್ದಲು, ಸಗಣಿ ಹುಳು, ಕುರಿ ಹಿಕ್ಕೆಯ ಸಾರ ಬಹುಪಾಲು ಇದ್ದದ್ದು ಆ ಅರ್ಧ ಅಡಿಯಲ್ಲೇ. ಅದು ಹೋದ ಮೇಲೆ ಕೆಳಗಿನ ಜೇಡಿ ಬಿಸಿಲಿಗೆ ಬರುತ್ತದೆ, ಒಣಗಿ ಸುಟ್ಟ ಇಟ್ಟಿಗೆಯಂತೆ ಸೆಟೆಯುತ್ತದೆ. ಮೊದಲ ಮಳೆಯ ಹನಿ ಹೊಡೆದ ಹೊಡೆತಕ್ಕೆ ಮೇಲ್ಮೈ ಮೆತ್ತಿಕೊಂಡು ಹೆಪ್ಪುಗಟ್ಟುತ್ತದೆ, ಆಮೇಲಿನ ಮಳೆ ಒಳಗಿಳಿಯುವುದೇ ಇಲ್ಲ. ಇಳಿಜಾರು ಹಿಡಿದು ಓಡಿ ಕೊರಕಲು ಕೊರೆದು ಕೆರೆಗೆ ಹೂಳು ತುಂಬುತ್ತದೆ. ಯಂತ್ರ ಇನ್ನೂ ಕೆಳಗಿಳಿದು ಗರಸನ್ನೂ ಬಾಚಿದ ಕಡೆ ಎರಡಾಳು ಆಳದ ಗುಂಡಿ. ಬೇಲಿ ಇಲ್ಲ, ಫಲಕ ಇಲ್ಲ. ಅಂಥ ಒಂದು ಗುಂಡಿಯ ಅಂಚಿನಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬರು ಹೇಳಿದ್ದಿಷ್ಟು: ‘ಮೇಗಡ ಮಣ್ಣಿದ್ದಾಗ ಒಂದು ಮಳ ಬಿದ್ರ ಹದಿನೈದು ದಿನ ಹಸ್ರು ಇರದು ಕನಣ್ಣ. ಈಗ ಮಳ ಬಂದ್ರ ಮಡುವು, ಬಿಸ್ಲು ಬಂದ್ರ ಬಂಡ. ಮರಿಗೊಳ ಕಟ್ಟಾಕಕೂ ಭಯ.’ ಮಣ್ಣಿನ ಬಗ್ಗೆ ಇದಕ್ಕಿಂತ ಖಚಿತ ವರದಿಯನ್ನು ನಾನು ಓದಿಲ್ಲ.

ಇದೆಲ್ಲ ಕಳ್ಳತನದಲ್ಲಷ್ಟೇ ನಡೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಸುಮ್ಮನಾಗಬಹುದಿತ್ತು. ಕಾನೂನೇ ಬಾಗಿಲು ತೆರೆದಿದೆ. ಏರಿ, ರಸ್ತೆ, ರೈಲು ಹಾದಿ, ಕಟ್ಟಡಗಳಿಗೆ ತುಂಬಲು ಬಳಸುವ ಸಾಮಾನ್ಯ ಮಣ್ಣನ್ನು ಕೇಂದ್ರ ಸರ್ಕಾರ 2000ದ ಫೆಬ್ರುವರಿ 3ರಂದು ಉಪಖನಿಜ ಎಂದು ಸಾರಿತು. ಅಂದಿನಿಂದ ಹುಲ್ಲು ಹುಟ್ಟಿಸುವ ಮಣ್ಣೂ ಜಲ್ಲಿಯೂ ಒಂದೇ ಖಾತೆ. 2020ರ ಮಾರ್ಚ್ 28ರಂದು, ದೇಶಕ್ಕೆ ದೇಶವೇ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ, ಪರಿಸರ ಸಚಿವಾಲಯ ಇನ್ನೊಂದು ಅಧಿಸೂಚನೆ ಹೊರಡಿಸಿತು: ರಸ್ತೆ, ಪೈಪ್‌ಲೈನ್‌ಗಳಂಥ ಕಾಮಗಾರಿಗೆ ಮಣ್ಣು ತೆಗೆಯಲು ಪರಿಸರ ಅನುಮತಿಯೇ ಬೇಡ. ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು ಎಂಬ ಮಿತಿಯೂ ಇರಲಿಲ್ಲ. ಆ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಮಾರ್ಚ್ 21ರಂದು. ನಡುವಿನ ನಾಲ್ಕು ವರ್ಷದಲ್ಲಿ ದೇಶದ ದಿಣ್ಣೆಗಳಿಂದ ಹೋದ ಮಣ್ಣನ್ನು ಯಾವ ಕೋರ್ಟು ವಾಪಸ್ ತಂದು ಸುರಿಯುತ್ತದೆ?

ಗೋಮಾಳಕ್ಕೂ ಕಾನೂನಿದೆ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಮೇವಿನ ನೆಲ ಮೀಸಲಿಡಬೇಕು. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಜನರಿಗೆ ಮರಳಿಸಿ ಎಂದು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಗೋಮಾಳದ ನಿಯಮ ಯಾರ ಮೇಲೆ ಬಿಗಿಯಾಗುತ್ತದೆ ನೋಡಿ. ಭೂಮಿಯಿಲ್ಲದ ದಲಿತ ಕುಟುಂಬ ಉತ್ತು ತಿನ್ನುತ್ತಿರುವ ಎರಡೆಕರೆಯ ಸಕ್ರಮಕ್ಕೆ ನಮೂನೆ 57ರ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದರೆ ಗೋಮಾಳ ಕೊರತೆಯಿದೆ ಎಂಬ ಷರಾ ಬೀಳುತ್ತದೆ. ಅದೇ ಸೀಮೆಯಲ್ಲಿ ರಾತ್ರಿ ಹೊತ್ತು ದೀಪ ಹಾಕಿಕೊಂಡು ಅಗೆಯುವ ಯಂತ್ರಕ್ಕೆ ಯಾವ ಷರಾವೂ ಅಡ್ಡ ಬರುವುದಿಲ್ಲ. ಇದು ದೇವನೂರ ಮಹಾದೇವರ ಊರಿನ ಸೀಮೆ, 1973ರ ‘ದ್ಯಾವನೂರು’ ಸಂಕಲನದ ಹೆಸರಿನಲ್ಲಿ ಕನ್ನಡಕ್ಕೆ ಗೊತ್ತಾದ ಊರು. ಜೀತದ, ಭೂಮಿಯ ಪ್ರಶ್ನೆಯನ್ನು ದಲಿತ ಸಂಘರ್ಷ ಸಮಿತಿ ಬೀದಿಗೆ ತಂದ ಜಿಲ್ಲೆ. ಇಲ್ಲಿ ಎರಡು ಕುರಿ, ಒಂದು ಎಮ್ಮೆ ನಂಬಿದವರಿಗೆ ಗೋಮಾಳವೇ ಪಹಣಿ. ಅದರ ಮೇಲ್ಮಣ್ಣು ಹೊತ್ತು ಹೋಗುವುದೆಂದರೆ ಅವರ ತಟ್ಟೆಗೆ ಕೈ ಹಾಕಿದಂತೆಯೇ.

ತಿಳಿವಳಿಕೆ ಇಲ್ಲ ಎಂಬ ನೆಪವೂ ನಡೆಯುವುದಿಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ ಸುಜಲಾ-3 ಜಲಾನಯನ ಯೋಜನೆಯಡಿ ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣ, ನೀರು ಹಿಡಿಯುವ ಶಕ್ತಿ ಅಳೆದು ನಕ್ಷೆ ಮಾಡಿದ್ದಾರೆ. ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. 2015ರಿಂದ ಮಣ್ಣು ಆರೋಗ್ಯ ಚೀಟಿ ಹಂಚುತ್ತಿದ್ದಾರೆ, ಆದರೆ ಅದು ಸಾಗುವಳಿದಾರನ ಹೆಸರಿಗೆ. ಯಾರ ಹೆಸರೂ ಇಲ್ಲದ ಗೋಮಾಳಕ್ಕೆ ಚೀಟಿ ಬರೆಯುವವರಿಲ್ಲ. ದೇವರಸನಹಳ್ಳಿ ಆಸುಪಾಸಿನ ಮಣ್ಣಿನ ಗುಣದಿಂದಲೇ ನಂಜನಗೂಡು ರಸಬಾಳೆಗೆ ಆ ರುಚಿ ಎಂದು ಭೌಗೋಳಿಕ ಸೂಚಿಯ ಮನ್ನಣೆ ಪಡೆದೆವು. ಬಾಳೆಯ ಮಣ್ಣಿಗೆ ಅಷ್ಟು ಮರ್ಯಾದೆ, ಕುರಿ ಮೇಯುವ ಮಣ್ಣಿಗೆ ಟಿಪ್ಪರ್.

ಬೇರು ಕಳಚಿದ ಮರಳು ಏನು ಮಾಡುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲೇ ತಲಕಾಡಿದೆ. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಪಾತ್ರ ಬದಲಾಗಿ, ಬಯಲಾದ ಮರಳನ್ನು ಗಾಳಿ ಹೊತ್ತು ದೇವಸ್ಥಾನಗಳನ್ನು ಹೂತಿತು ಎಂಬುದು ಭೂವಿಜ್ಞಾನಿಗಳ ವಿವರಣೆ. ದೂರದ ಪಾಠವೂ ಇದೆ: ಹುಲ್ಲುಗಾವಲನ್ನು ಉತ್ತು ಬರಿದು ಮಾಡಿದ ಅಮೆರಿಕ 1930ರ ದಶಕದಲ್ಲಿ ಧೂಳಿನ ಬಿರುಗಾಳಿಗೆ ಸಿಕ್ಕಿ, 1935ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಕಾಯ್ದೆ ಮಾಡಬೇಕಾಯಿತು.

ರಸ್ತೆ ಬೇಡವೇ, ಮನೆ ಬೇಡವೇ ಎಂದು ಕೇಳುತ್ತಾರೆ. ಬೇಕು. ಪಾಯದಲ್ಲಿ ಎದ್ದ ಮಣ್ಣಿದೆ, ಕೆಡವಿದ ಕಟ್ಟಡಗಳ ಅವಶೇಷವಿದೆ, ಕ್ವಾರಿಗಳ ಪಕ್ಕ ಬಿದ್ದಿರುವ ತ್ಯಾಜ್ಯದ ಗುಡ್ಡೆಗಳಿವೆ. ಮೊದಲು ಅವನ್ನು ಬಳಸಿ. ಗೋಮಾಳದಲ್ಲಿ ಮಣ್ಣು ತೆಗೆಯಲು ಒಂದೂ ಪರವಾನಗಿ ಕೊಡಕೂಡದು. ಖಾಸಗಿ ಜಮೀನಿನಲ್ಲಿ ಅಗೆಯುವವರು ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಕೆಲಸ ಮುಗಿದ ಮೇಲೆ ಅಲ್ಲೇ ಹರಡಬೇಕು, ಹರಡುವ ತನಕ ಠೇವಣಿ ಬಿಡುಗಡೆ ಮಾಡಬಾರದು. ತೆರೆದು ಬಿಟ್ಟಿರುವ ಗುಂಡಿಗಳಿಗೆ ಬರುವ ಮುಂಗಾರಿನೊಳಗೆ ಬೇಲಿ ಹಾಕಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ತಹಶೀಲ್ದಾರರು, ಗಣಿ ಇಲಾಖೆಯವರು ಊರೂರಿನ ಗ್ರಾಮಸಭೆಗೆ ಬರಲಿ. ಯಾವ ಸರ್ವೆ ನಂಬರಿನಿಂದ ಎಷ್ಟು ಘನಮೀಟರ್ ಹೋಯಿತು, ಯಾರ ಸಹಿ, ಎಷ್ಟು ರಾಜಧನ, ಊರಲ್ಲಿ ಎಷ್ಟು ದನ ಕುರಿಗಳಿವೆ, ಅವಕ್ಕೆ ಎಷ್ಟು ಎಕರೆ ಉಳಿದಿದೆ ಎಂಬುದನ್ನು ಕುರಿ ಕಾಯುವವರ ಮುಂದೆ ಓದಿ ಹೇಳಲಿ.