ಉದ್ಯೋಗ ವಿಚಾರ: ಕಲಿಸುವವರೂ ಕಲಿಯಬೇಕಲ್ಲ!



ಜೂನ್-ಜುಲೈ ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಹತ್ತನೆಯ, ಹನ್ನೆರಡನೆಯ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪುಸ್ತಕ, ನಗದು, ಹಿರಿಯರ ಆಶೀರ್ವಾದ. ಮುಂದೆ ಯಾವ ಕೋರ್ಸು, ಯಾವ ಕಾಲೇಜು ಎಂಬ ಚರ್ಚೆ ಮನೆಮನೆಯಲ್ಲೂ ನಡೆಯುತ್ತದೆ. ಈ ಅಂಕಣದಲ್ಲೂ ನಾವು ಹೆಚ್ಚಾಗಿ ಮಾತಾಡಿರುವುದು ಆ ಮಕ್ಕಳ ವಿಚಾರವನ್ನೇ. ಆದರೆ ಅವರು ನಾಳೆ ಹೋಗಿ ಸೇರುವ ಕಾಲೇಜಿನಲ್ಲಿ ದುಡಿಯುವವರ ಕಲಿಕೆಯ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ನಮ್ಮವರಲ್ಲಿ ಉಪನ್ಯಾಸಕರಿದ್ದಾರೆ, ಗ್ರಂಥಪಾಲರಿದ್ದಾರೆ, ಪ್ರಯೋಗಾಲಯದ ಸಹಾಯಕರಿದ್ದಾರೆ, ಕಚೇರಿಯಲ್ಲಿ ಪ್ರವೇಶ-ಪರೀಕ್ಷೆಗಳ ಕಾಗದಪತ್ರ ನೋಡುವ ಗುಮಾಸ್ತರಿದ್ದಾರೆ. ನೀವು ಅವರಲ್ಲೊಬ್ಬರಾಗಿದ್ದರೆ ಈ ಬಾರಿಯ ಬರಹ ನಿಮಗಾಗಿ. ಅಲ್ಲವಾದರೆ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರುವ ಅಂಥವರಿಗೆ ದಯವಿಟ್ಟು ಇದನ್ನು ತೋರಿಸಿ.

ಮೊದಲಿಗೆ ಅಧ್ಯಾಪಕರ ವಿಚಾರ. ಶಾಲಾ ಶಿಕ್ಷಕರಿಗೆ ಬಿ.ಎಡ್. ಇದೆ. ಕಾಲೇಜಿನಲ್ಲಿ ಕಲಿಸುವವರಿಗೆ ಅಂಥ ತರಬೇತಿ ಇರಲಿಲ್ಲ. ನಿನ್ನೆ ಎಂ.ಎ. ಮುಗಿಸಿದವರು ಇಂದು ನೂರು ಮಂದಿಯ ತರಗತಿಯ ಮುಂದೆ ನಿಲ್ಲುತ್ತಿದ್ದರು. ಈ ಕೊರತೆಯನ್ನು ತುಂಬಲೆಂದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 1987ರಿಂದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ತೆರೆದವು. 2015ರಲ್ಲಿ ಅವುಗಳಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂಬ ಹೆಸರಾಯಿತು. 2023ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಮಾಳವೀಯ ಮಿಷನ್ ಯೋಜನೆ ಆರಂಭವಾಗಿ ಅವೇ ಕೇಂದ್ರಗಳು ಮದನಮೋಹನ ಮಾಳವೀಯ ಶಿಕ್ಷಕರ ತರಬೇತಿ ಕೇಂದ್ರಗಳಾದವು. ಹೆಸರು ಬದಲಾದದ್ದರಿಂದ ಗೊಂದಲ ಬೇಡ. ಫಲಕ ಮಾತ್ರ ಬದಲಾಗಿದೆ, ಕೆಲಸ ಅದೇ. ಯೋಜನೆ ಆರಂಭವಾದಾಗ ದೇಶದಲ್ಲಿ ಇಂಥ 111 ಕೇಂದ್ರಗಳನ್ನು ಗುರುತಿಸಲಾಗಿತ್ತು. ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮವರಿಗೆ ಆಯಾ ಊರಿನ ವಿಶ್ವವಿದ್ಯಾಲಯದ ಕೇಂದ್ರವೇ ಹತ್ತಿರ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಧಾರವಾಡ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿವೆ.

ಹೊರನಾಡಿನಲ್ಲಿ ಕನ್ನಡವನ್ನೇ ಕಲಿಸುವ ಅಧ್ಯಾಪಕರಿಗೆ ಒಂದು ಮಾತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗವಿದೆ. ಆದರೆ ಒಂದು ಕಾಲೇಜಿನಲ್ಲಿ ಕನ್ನಡಕ್ಕೆ ಒಬ್ಬರೇ ಅಧ್ಯಾಪಕರಿದ್ದರೆ ಅವರು ತಮ್ಮ ಪಾಠದ ಬಗ್ಗೆ ಚರ್ಚಿಸಲು ಸಹೋದ್ಯೋಗಿಯೇ ಇರುವುದಿಲ್ಲ. ಅಂಥವರು ಎರಡು ವಾರ ಧಾರವಾಡಕ್ಕೋ ಮೈಸೂರಿಗೋ ಹೋಗಿ ತಮ್ಮದೇ ವಿಷಯದ ಹತ್ತಾರು ಅಧ್ಯಾಪಕರೊಂದಿಗೆ ಕುಳಿತು ಬಂದರೆ ಅದು ಪ್ರಮಾಣಪತ್ರಕ್ಕಿಂತ ದೊಡ್ಡ ಲಾಭ.

ಇನ್ನು ಬಡ್ತಿಯ ಪ್ರಶ್ನೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರು ಹತ್ತನೆಯ ವೇತನ ಹಂತದಿಂದ ಹನ್ನೊಂದಕ್ಕೆ ಏರಲು ಸೇವಾವಧಿಯ ಲೆಕ್ಕ ಹೀಗಿದೆ: ಪಿಎಚ್.ಡಿ. ಇದ್ದವರಿಗೆ 4 ವರ್ಷ, ಎಂ.ಫಿಲ್. ಇದ್ದವರಿಗೆ 5 ವರ್ಷ, ಎರಡೂ ಇಲ್ಲದವರಿಗೆ 6 ವರ್ಷ. ಆದರೆ ವರ್ಷ ತುಂಬಿದರಷ್ಟೇ ಸಾಲದು. 21 ದಿನಗಳ ಓರಿಯೆಂಟೇಷನ್ ಕೋರ್ಸ್ ಆಗಿರಬೇಕು. ಜೊತೆಗೆ ಒಂದು ರಿಫ್ರೆಶರ್ ಅಥವಾ ಸಂಶೋಧನಾ ವಿಧಾನದ ಕೋರ್ಸ್ ಬೇಕು. ಅದಿಲ್ಲವಾದರೆ ಕನಿಷ್ಠ ಒಂದೊಂದು ವಾರದ ಎರಡು ಕಾರ್ಯಾಗಾರಗಳು, ಅದೂ ಇಲ್ಲವಾದರೆ ಪ್ರಮಾಣಪತ್ರ ಸಹಿತ ಒಂದು ಆನ್‌ಲೈನ್ ಕೋರ್ಸ್ ನಡೆಯುತ್ತದೆ. ಮುಂದಿನ ಮೆಟ್ಟಿಲುಗಳಿಗೂ ಇಂಥವೇ ಶರತ್ತುಗಳಿವೆ.

'ನಿಧಾನವಾಗಿ ಮಾಡಿದರಾಯಿತು' ಎನ್ನುವವರು ಲೆಕ್ಕವನ್ನೊಮ್ಮೆ ನೋಡಿ. ಏಳನೆಯ ವೇತನ ಆಯೋಗದ ನಂತರದ ಪಟ್ಟಿಯಲ್ಲಿ ಹತ್ತನೆಯ ಹಂತ 57,700 ರೂಪಾಯಿಗೆ, ಹನ್ನೊಂದನೆಯದು 68,900ಕ್ಕೆ, ಹನ್ನೆರಡನೆಯದು 79,800ಕ್ಕೆ ಆರಂಭವಾಗುತ್ತದೆ. ಸೇವಾವಧಿ ತುಂಬಿದ್ದೂ ಕೋರ್ಸ್ ಆಗಿಲ್ಲವಾದರೆ, ಎಲ್ಲ ಶರತ್ತುಗಳೂ ಪೂರ್ಣವಾದ ದಿನದಿಂದ ಮಾತ್ರ ಬಡ್ತಿ. ನಡುವಿನ ತಿಂಗಳುಗಳ ವ್ಯತ್ಯಾಸ ಕೈಸೇರುವುದಿಲ್ಲ. ಮುಂದಿನ ಹಂತದ ಸೇವಾವಧಿಯ ಎಣಿಕೆಯೂ ಅಷ್ಟೇ ತಡವಾಗಿ ಶುರುವಾಗುವುದರಿಂದ, ಒಮ್ಮೆ ಹಿಂದೆ ಬಿದ್ದವರು ನಿವೃತ್ತಿಯವರೆಗೂ ಹಿಂದೆಯೇ ಉಳಿಯುತ್ತಾರೆ. ಆದ್ದರಿಂದ ನೌಕರಿಗೆ ಸೇರಿದ ಮೊದಲೆರಡು ವರ್ಷಗಳಲ್ಲೇ ಓರಿಯೆಂಟೇಷನ್ ಮುಗಿಸಿಬಿಡುವುದು ಜಾಣತನ. ಈ ನಿಯಮಗಳನ್ನು ಆಯಾ ರಾಜ್ಯ ಸರಕಾರಗಳು ತಮ್ಮ ಆದೇಶಗಳ ಮೂಲಕ ಜಾರಿಗೆ ತರುತ್ತವೆ. ಹೀಗಾಗಿ ನಿಮ್ಮ ರಾಜ್ಯದ ಆದೇಶವನ್ನೂ ಅದರ ತಿದ್ದುಪಡಿಗಳನ್ನೂ ಕಚೇರಿಯಲ್ಲಿ ಕೇಳಿ ಓದಿಕೊಳ್ಳಿ.

'ರಜೆ ಕೊಡುವುದಿಲ್ಲ' ಎಂಬುದು ಎಲ್ಲೆಡೆ ಕೇಳಿಬರುವ ದೂರು. ಅದೇ ನಿಯಮಾವಳಿಯಲ್ಲಿ ಓರಿಯೆಂಟೇಷನ್, ರಿಫ್ರೆಶರ್, ವಿಚಾರಸಂಕಿರಣಗಳಿಗಾಗಿ ವರ್ಷಕ್ಕೆ 30 ದಿನಗಳವರೆಗೆ ಡ್ಯೂಟಿ ಲೀವ್ ಕೊಡಲು ಅವಕಾಶವಿದೆ. ಮೂರು ವರ್ಷ ಸೇವೆ ಸಲ್ಲಿಸಿದ ಸಹಾಯಕ ಪ್ರಾಧ್ಯಾಪಕರು ಸಂಶೋಧನೆಗಾಗಿ ಅಧ್ಯಯನ ರಜೆಯನ್ನೂ ಕೇಳಬಹುದು. ಅದು ಮೊದಲಿಗೆ ಎರಡು ವರ್ಷ, ಅಗತ್ಯವಿದ್ದರೆ ಇನ್ನೂ ಒಂದು ವರ್ಷ. ಹಿಂದಿರುಗಿ ಸೇವೆ ಸಲ್ಲಿಸುವುದಾಗಿ ಕರಾರು ಬರೆದುಕೊಡಬೇಕು, ಅಷ್ಟೆ. ಬಾಯಿಮಾತಿನಲ್ಲಿ ಕೇಳಿ 'ಆಗುವುದಿಲ್ಲ' ಎನ್ನಿಸಿಕೊಂಡು ಬರುವ ಬದಲು, ನಿಯಮವನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಕೊಡಿ. ಸ್ವೀಕರಿಸಿದ ಪ್ರತಿಯನ್ನು ಜೋಪಾನವಾಗಿಡಿ.

ಅನುದಾನರಹಿತ ಕಾಲೇಜುಗಳಲ್ಲಿ, ಗಂಟೆಯ ಲೆಕ್ಕದಲ್ಲಿ ದುಡಿಯುವವರ ಪಾಡು ಬೇರೆ. ಅವರಿಗೆ ಮೂರು ವಾರದ ಕೋರ್ಸೆಂದರೆ ಮೂರು ವಾರದ ಸಂಬಳಕ್ಕೇ ಕತ್ತರಿ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಪರಊರಿನ ಹಾಸ್ಟೆಲಿನಲ್ಲಿ 21 ದಿನ ಉಳಿಯುವುದು ಕೂಡ ಸುಲಭವಲ್ಲ. ಇಂಥವರಿಗೆ ವರದಾನವಾಗಿರುವುದು ಮನೆಯಲ್ಲೇ ಕಲಿಯುವ ವ್ಯವಸ್ಥೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಕಟ್ಟಿದ ಎನ್‌ಪಿಟೆಲ್, 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸ್ವಯಂ, ಇವೆರಡರಲ್ಲೂ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟೆಲ್‌ನ ಆಯ್ದ ಕೋರ್ಸುಗಳನ್ನು ಎಐಸಿಟಿಇ ಅಧ್ಯಾಪಕರ ತರಬೇತಿಯೆಂದು ಪರಿಗಣಿಸುತ್ತ ಬಂದಿದೆ. ಎಂಟು ವಾರದ ಕೋರ್ಸಿಗೆ ಒಂದು ವಾರದ, ಹನ್ನೆರಡು ವಾರದ್ದಕ್ಕೆ ಒಂದೂವರೆ ವಾರದ ತರಬೇತಿಯ ಲೆಕ್ಕ.

ಇಂಜಿನಿಯರಿಂಗ್, ಪಾಲಿಟೆಕ್ನಿಕ್‌ಗಳಲ್ಲಿ ಇರುವವರಿಗೆ ಹಳೆಯ, ಗಟ್ಟಿಯಾದ ದಾರಿಗಳೇ ಇವೆ. ಸೇವೆಯಲ್ಲಿದ್ದುಕೊಂಡೇ ಎಂ.ಟೆಕ್., ಪಿಎಚ್.ಡಿ. ಮಾಡುವ ಗುಣಮಟ್ಟ ಸುಧಾರಣಾ ಯೋಜನೆ, ಅಂದರೆ ಕ್ಯುಐಪಿ, 1970ರಲ್ಲಿ ಆರಂಭವಾದದ್ದು. ಚೆನ್ನೈ, ಭೋಪಾಲ, ಕೋಲ್ಕತ್ತಾ, ಚಂಡೀಗಢಗಳ ರಾಷ್ಟ್ರೀಯ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಗಳು ಅರುವತ್ತರ ದಶಕದಿಂದ ನಡೆದುಬಂದಿವೆ. ವಿಜ್ಞಾನದವರಿಗೆ ಮುಂಬಯಿಯ ಮಾನಖುರ್ದಿನಲ್ಲೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅಧ್ಯಾಪಕರಿಗೆ ರಿಫ್ರೆಶರ್ ಕೋರ್ಸ್‌ಗಳನ್ನೂ ಬೇಸಗೆಯ ಸಂಶೋಧನಾ ಫೆಲೋಶಿಪ್‌ಗಳನ್ನೂ ನಡೆಸುತ್ತ ಬಂದಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಂತೂ ಶಿಕ್ಷಕರ ತರಬೇತಿಗೆ ಹೆಸರಾಗಿದೆ. ಅಲ್ಲಿ ಪ್ರಯೋಗಗಳನ್ನು ಶಿಕ್ಷಕರು ಕಣ್ಣಲ್ಲಿ ನೋಡಿ ಬರುವುದಲ್ಲ, ಕೈಯಾರೆ ಮಾಡಿ ಕಲಿಯುತ್ತಾರೆ. ಗ್ರಂಥಪಾಲರು ಯುಜಿಸಿ ವೇತನಶ್ರೇಣಿಯವರಾಗಿದ್ದರೆ ಅವರ ಬಡ್ತಿಗೂ ಕೋರ್ಸ್‌ಗಳ ಶರತ್ತುಂಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವರಿಗೆ ಗ್ರಂಥಾಲಯ ತಂತ್ರಾಂಶಗಳ ತರಬೇತಿಯನ್ನು ಬಹುಕಾಲದಿಂದ ಕೊಡುತ್ತಿದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೆಚ್ಚುಕಡಿಮೆ ಕಲಿಸುವವರ ಮಾತಾಯಿತು. ಹಾಗಾದರೆ ಕಚೇರಿಯಲ್ಲಿ ಕುಳಿತವರು? ನಿಜವಾದ ಅನ್ಯಾಯ ಇರುವುದು ಇಲ್ಲಿ.

ಮೂವತ್ತು ವರ್ಷಗಳ ಹಿಂದೆ ಕಾಲೇಜಿನ ಗುಮಾಸ್ತರೆಂದರೆ ಒಂದು ಟೈಪ್‌ರೈಟರ್, ನಾಲ್ಕು ರಿಜಿಸ್ಟರ್, ಶುಲ್ಕದ ರಸೀದಿ ಪುಸ್ತಕ. ಇಂದು ಪ್ರವೇಶ, ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನ, ಎಲ್ಲವೂ ಗಣಕಯಂತ್ರದ ಪರದೆಯ ಮೇಲೆ. 2010-11ರಿಂದ ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಗೆ ಪ್ರತಿವರ್ಷ ಅಂಕಿಅಂಶ ತುಂಬಬೇಕು. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿಗಳ ಖಾತೆ ಹೊಂದಿಸಬೇಕು. ಇದನ್ನೆಲ್ಲ ಅವರಿಗೆ ಕೂರಿಸಿ ಕಲಿಸಿದವರು ಯಾರು? ಬಹುತೇಕ ಕಡೆ ಯಾರೂ ಇಲ್ಲ. ಒಂದು ಸುತ್ತೋಲೆ ಬರುತ್ತದೆ, 'ನಾಳೆಯೊಳಗೆ ಮುಗಿಸಿ' ಎನ್ನುತ್ತದೆ. ಐವತ್ತು ದಾಟಿದ ಗುಮಾಸ್ತರು ಹೊಸದಾಗಿ ಬಂದ ಹುಡುಗನ ಮುಂದೆ ನಿಂತು 'ಇದನ್ನು ಸ್ವಲ್ಪ ನೋಡಪ್ಪಾ' ಎನ್ನಬೇಕಾಗುತ್ತದೆ. ಹೆಸರಿನ ಒಂದಕ್ಷರ, ಖಾತೆಯ ಒಂದಂಕಿ ತಪ್ಪಿದರೆ ಬಡ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಬೈಗುಳ ಮಾತ್ರ ಗುಮಾಸ್ತರ ಪಾಲಿಗೆ. ತರಬೇತಿ ಕೊಡದೆ ಕೆಲಸ ಹೇರಿ, ಆಮೇಲೆ ಅವರನ್ನೇ ದೂರುವುದು ಯಾವ ನ್ಯಾಯ?

ಆದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಇರುವ ಮೂರು ದಾರಿಗಳನ್ನು ಹೇಳುತ್ತೇನೆ.

ಒಂದು, ವಿಶ್ವವಿದ್ಯಾಲಯದ ತರಬೇತಿ ಕೇಂದ್ರಗಳು ಆಗಾಗ ಬೋಧಕೇತರ ಸಿಬ್ಬಂದಿಗೂ ಕಿರು ಅವಧಿಯ ತರಬೇತಿ ನಡೆಸುತ್ತವೆ. ಅದರ ಸುತ್ತೋಲೆ ಕಾಲೇಜಿಗೆ ಬಂದರೂ ಎಷ್ಟೋ ಸಲ ಪ್ರಾಂಶುಪಾಲರ ಮೇಜಿನ ಮೇಲೆಯೇ ಉಳಿದುಬಿಡುತ್ತದೆ. ನೀವಾಗಿಯೇ ಕೇಂದ್ರದಲ್ಲಿ ವಿಚಾರಿಸಿ, ಪ್ರಾಂಶುಪಾಲರಿಗೆ ನೆನಪಿಸಿ.

ಎರಡು, ಪವಾಯಿಯ ಐಐಟಿ ಮುಂಬಯಿಯವರ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ. ಪತ್ರ ಬರೆಯುವುದು, ಲೆಕ್ಕದ ಹಾಳೆ ತಯಾರಿಸುವುದು ಮೊದಲಾದ ಗಣಕಯಂತ್ರದ ಕೆಲಸಗಳನ್ನು ಚಿಕ್ಕಚಿಕ್ಕ ಪಾಠಗಳಲ್ಲಿ, ಕೇಳುತ್ತ ಮಾಡುತ್ತ ಕಲಿಯುವಂತೆ ಅವರು ರೂಪಿಸಿದ್ದಾರೆ. ಸಂತೋಷದ ವಿಷಯವೆಂದರೆ ಇದರ ಅನೇಕ ಪಾಠಗಳು ಕನ್ನಡದಲ್ಲೇ ಇವೆ, ಮತ್ತು ಉಚಿತವಾಗಿವೆ. ಇಂಗ್ಲಿಷಿನ ಅಂಜಿಕೆಯಿಂದ ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಪದವಿ ಅರ್ಧಕ್ಕೆ ನಿಂತವರು ಇಗ್ನೋ, ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯಗಳ ಮೂಲಕ ನೌಕರಿಯಲ್ಲಿದ್ದುಕೊಂಡೇ ಅದನ್ನು ಪೂರೈಸಬಹುದು.

ಮೂರು, ಇದು ಕೊಂಚ ಚಾತುರ್ಯದ ದಾರಿ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆ 1994ರಲ್ಲಿ ಸ್ಥಾಪನೆಯಾದದ್ದು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ನ್ಯಾಕ್ ಕೈಪಿಡಿಗಳ ಆರನೆಯ ಮಾನದಂಡದಲ್ಲಿ, ಸಂಸ್ಥೆಯು ಬೋಧಕರಿಗೂ ಬೋಧಕೇತರರಿಗೂ ಎಷ್ಟು ತರಬೇತಿ ಕಾರ್ಯಕ್ರಮ ನಡೆಸಿತು ಎಂಬ ಪ್ರಶ್ನೆಯಿದ್ದು, ಅದಕ್ಕೆ ಅಂಕಗಳೂ ಇದ್ದವು. ನ್ಯಾಕ್‌ನ ಶ್ರೇಣಿಯೆಂದರೆ ಯಾವ ಆಡಳಿತ ಮಂಡಳಿಗೂ ಪ್ರಾಣ. 'ಸಾರ್, ನಮಗೂ ಐದು ದಿನದ ತರಬೇತಿ ಇಡಿಸಿ, ವರದಿಯಲ್ಲಿ ತೋರಿಸಲಿಕ್ಕೂ ಆಗುತ್ತದೆ' ಎಂದು ನಾಲ್ಕು ಜನ ಸೇರಿ ಕೇಳಿ ನೋಡಿ. ಹಕ್ಕಿನ ಮಾತಿಗೆ ಕಿವಿಗೊಡದವರೂ ಅಂಕದ ಮಾತಿಗೆ ಕಿವಿಗೊಡುತ್ತಾರೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ತಪ್ಪಾದೀತು. 2020ರ ಲಾಕ್‌ಡೌನ್ ಕಾಲದಲ್ಲಿ ಮೊಬೈಲಿನಲ್ಲೇ ನಡೆಯುವ ತರಬೇತಿಗಳ ಸುಗ್ಗಿಯಾಯಿತು. ಎರಡು ಗಂಟೆ ಪರದೆ ತೆರೆದಿಟ್ಟು, ಕೊನೆಗೊಂದು ನಮೂನೆ ತುಂಬಿದರೆ ಬಣ್ಣದ ಪ್ರಮಾಣಪತ್ರ ಬಂದು ಬೀಳುತ್ತಿತ್ತು. ಅಂಥ ಪತ್ರಗಳು ಕಡತವನ್ನು ದಪ್ಪಗೊಳಿಸುತ್ತವೆಯೇ ಹೊರತು ಬಡ್ತಿಗೆ ಬರುವುದಿಲ್ಲ, ತರಗತಿಗಂತೂ ಬರುವುದೇ ಇಲ್ಲ. ಹಣ ಕಟ್ಟುವ ಮೊದಲು ಕೇಳಿಕೊಳ್ಳಿ: ನಡೆಸುವವರು ಯಾರು? ಎಷ್ಟು ದಿನ? ನಿಮ್ಮ ವಿಶ್ವವಿದ್ಯಾಲಯ ಅದನ್ನು ಮಾನ್ಯ ಮಾಡುತ್ತದೆಯೇ? ಕಾಲೇಜಿನ ಅನುಮತಿ ಪತ್ರ ಬೇಕೇ? 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೂ ಸಲ್ಲುತ್ತದೆ.

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಎಷ್ಟೋ ಹಿರಿಯರನ್ನು ಕಂಡ ಸಮಾಜ ನಮ್ಮದು. ದುಡಿಯುತ್ತ ಕಲಿಯುವುದು ನಮಗೆ ಹೊಸತಲ್ಲ. ಸಂಘದ ಸಭಾಗೃಹ ಭಾನುವಾರ ಬೆಳಿಗ್ಗೆ ಖಾಲಿ ಇರುವಾಗ ಎರಡು ಗಣಕಯಂತ್ರ ಇರಿಸಿ, ಬಲ್ಲ ಯುವಕರೊಬ್ಬರನ್ನು ಕೂರಿಸಿ, ಕಾಲೇಜು-ಶಾಲೆಗಳ ಕಚೇರಿಯಲ್ಲಿ ದುಡಿಯುವ ನಮ್ಮವರಿಗೆ ಪವಾಯಿಯ ಆ ಕನ್ನಡ ಪಾಠಗಳನ್ನು ಹಾಕಿ ಕಲಿಸಲಾಗದೇ? ಖರ್ಚು ಒಂದು ಸುತ್ತು ಚಹಾದ್ದು. ನಿವೃತ್ತ ಪ್ರಾಧ್ಯಾಪಕರು ಬಡ್ತಿಯ ಅರ್ಜಿ ತುಂಬುವುದನ್ನು ಕಿರಿಯರಿಗೆ ಹೇಳಿಕೊಟ್ಟರೆ ಅದೂ ದೊಡ್ಡ ಸೇವೆಯೇ. ಮಕ್ಕಳಿಗೆ ಪುರಸ್ಕಾರ ಕೊಡುವ ಕೈಗಳು ಆ ಮಕ್ಕಳ ಅರ್ಜಿ ತುಂಬುವವರ ಕಡೆಗೂ ಚಾಚಲಿ.

ಆಸಕ್ತಿಯುಳ್ಳವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ. ಹತ್ತು ಹೆಸರಾದರೂ ಸೇರಿದರೆ ಮುಂದಿನ ಕೆಲಸ ತಾನಾಗಿ ಆಗುತ್ತದೆ.