ಮನೆಯಲ್ಲೇ ರೈಫಲ್ ತಿದ್ದುವ ಕೆಲಸ: ಎಲ್ಲಿಯವರೆಗೆ ಸರಿ?

ಎರಡನೇ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಮೌಸರ್, ಲೀ–ಎನ್‌ಫೀಲ್ಡ್, ಸ್ಪ್ರಿಂಗ್‌ಫೀಲ್ಡ್ ಮೊದಲಾದ ರೈಫಲ್‌ಗಳು ಸೇನೆಗೆ ಬೇಡವಾದ ದಾಸ್ತಾನಾಗಿ ಅಮೆರಿಕದ ಮಾರುಕಟ್ಟೆಗೆ ಅಗ್ಗದ ದರದಲ್ಲಿ ಹರಿದುಬಂದವು. 1968ರ ಬಂದೂಕು ನಿಯಂತ್ರಣ ಕಾಯ್ದೆಯು ಅಂಚೆ ಮಾರಾಟಕ್ಕೂ ಸೇನಾ ದಾಸ್ತಾನಿನ ಆಮದಿಗೂ ತಡೆ ಹಾಕುವ ತನಕ ಅಲ್ಲಿನ ಬೇಟೆಗಾರರು ಇವುಗಳನ್ನು ಕೊಂಡು, ಅರ, ಉಜ್ಜುಕಾಗದ ಮತ್ತು ಗ್ಯಾಸ್ ಜ್ವಾಲೆಯ ನೆರವಿನಿಂದ ಮನೆಯಲ್ಲಿಯೇ ಬೇಟೆಯ ರೈಫಲ್‌ಗಳನ್ನಾಗಿ ಮಾರ್ಪಡಿಸಿಕೊಂಡರು. ಹೀಗೆ ಕತ್ತರಿಸಿ ತಿದ್ದಿದ ರೈಫಲ್‌ಗಳಿಗಿಂತ ಮೂಲರೂಪದಲ್ಲೇ ಉಳಿದವಕ್ಕೆ ಸಂಗ್ರಹಕಾರರು ಇಂದು ಬಹಳ ಹೆಚ್ಚಿನ ಬೆಲೆ ಕೊಡುತ್ತಾರೆ. ಆದರೆ ಬೆಲೆಯ ನಷ್ಟಕ್ಕಿಂತ ಗಂಭೀರವಾದದ್ದು ಸುರಕ್ಷತೆಯ ಪ್ರಶ್ನೆ, ಮತ್ತು ಮನೆಯ ಮಾರ್ಪಾಡು ಲಾಭದಾಯಕವೇ ಎಂಬ ಚರ್ಚೆ ಅಲ್ಲಿಂದಲೇ ಆರಂಭವಾಗಬೇಕು.

ರೈಫಲ್ಲಿನ ಎಲ್ಲ ಭಾಗಗಳೂ ಒಂದೇ ಬಗೆಯ ಹೊಣೆ ಹೊರುವುದಿಲ್ಲ. ಮರದ ಹಿಡಿ, ಹೆಗಲಿಗೆ ಒರಗುವ ರಬ್ಬರ್ ಪಟ್ಟಿ, ಕೆನ್ನೆ ತಾಗುವ ಆಸರೆ, ತೂಗುಪಟ್ಟಿ ಮುಂತಾದವು ಮನುಷ್ಯನ ದೇಹಕ್ಕೂ ಯಂತ್ರಕ್ಕೂ ನಡುವಿನ ಭಾಗಗಳು. ನಳಿಕೆ, ತೋಟಾ ಕೂರುವ ಕೋಣೆ, ಅದನ್ನು ಹಿಂದಿನಿಂದ ಮುಚ್ಚಿ ಬಿಗಿಹಿಡಿಯುವ ಬೋಲ್ಟ್ ಮತ್ತು ಟ್ರಿಗರ್ ವ್ಯವಸ್ಥೆ ಸ್ಫೋಟದ ಒತ್ತಡವನ್ನೋ ಸ್ಫೋಟದ ಕ್ಷಣವನ್ನೋ ಹಿಡಿತದಲ್ಲಿಡುವ ಭಾಗಗಳು. ಬೇಟೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಾಯಿಂಟ್ ಮೂವತ್ತು–ಸೊನ್ನೆ ಆರು ಎಂಬ ತೋಟಾ ಸಿಡಿದಾಗ ಕೋಣೆಯೊಳಗಿನ ಒತ್ತಡ ಚದರ ಇಂಚಿಗೆ 60,000 ಪೌಂಡಿನವರೆಗೆ, ಅಂದರೆ ವಾಯುಮಂಡಲದ ಒತ್ತಡದ ಸುಮಾರು 4,000 ಪಟ್ಟು ಏರಬಹುದು. ಗುಂಡು ಹಾರಿಸುವವನ ಮುಖ ಆ ಕೋಣೆಯಿಂದ ಗೇಣಿನಷ್ಟು ದೂರದಲ್ಲಿರುತ್ತದೆ.

ಮನೆಯಲ್ಲಿ ತಿದ್ದುವವರ ಕೈ ಹೆಚ್ಚಾಗಿ ಹೋಗುವುದು ಟ್ರಿಗರ್ ಕಡೆಗೆ. ಟ್ರಿಗರ್ ಎಳೆತ ಹಗುರವಾದರೆ ಗುರಿ ಕದಲುವುದು ಕಡಿಮೆಯಾಗುತ್ತದೆ ಎಂಬುದು ನಿಜವಾದ್ದರಿಂದ ಈ ಆಸೆ ಸಹಜವೇ. ಆದರೆ ಫೈರಿಂಗ್ ಪಿನ್ ಮುನ್ನುಗ್ಗದಂತೆ ತಡೆಹಿಡಿಯುವ ಸಿಯರ್ ಎಂಬ ಪುಟ್ಟ ಉಕ್ಕಿನ ತುಂಡು ಎದುರಿನ ಅಂಚನ್ನು ಕಚ್ಚಿ ಹಿಡಿಯುವ ಜಾಗ ಮಿಲಿಮೀಟರಿನ ಲೆಕ್ಕದ್ದು; ಹಲವು ಹಳೆಯ ರೈಫಲ್‌ಗಳಲ್ಲಿ ಆ ಅಂಚಿನ ಮೇಲ್ಪದರ ಮಾತ್ರ ಗಟ್ಟಿಯಾಗಿದ್ದು, ಒಳಗಿನ ಉಕ್ಕು ಮೆದುವಾಗಿರುತ್ತದೆ. ಉಜ್ಜುಕಾಗದವು ಆ ತೆಳು ಪದರವನ್ನು ದಾಟಿತೆಂದರೆ ಟ್ರಿಗರ್ ಮೊದಲ ದಿನ ಬೆಣ್ಣೆಯಷ್ಟು ನಯವಾಗಿ ಎಳೆಯುತ್ತದೆ, ಬಳಕೆ ಹೆಚ್ಚಿದಂತೆ ಒಳಗಿನ ಮೆದು ಉಕ್ಕು ಸವೆಯುತ್ತದೆ, ಕೊನೆಗೆ ಬೋಲ್ಟನ್ನು ಬಿರುಸಾಗಿ ಮುಚ್ಚಿದ ಮಾತ್ರಕ್ಕೇ ಗುಂಡು ಹಾರುವ ಸ್ಥಿತಿ ಬರುತ್ತದೆ. ತಪ್ಪು ಮಾಡಿದ ದಿನ ಅದು ತಪ್ಪೆಂದು ಕಾಣದಿರುವುದೇ ಈ ಕೆಲಸದ ಅತಿ ದೊಡ್ಡ ಅಪಾಯ. ಕಾರ್ಖಾನೆಗಳೂ ಇದರಿಂದ ಪೂರ್ತಿ ಹೊರತಲ್ಲ. 2014ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿಯು ಜೋಡಣೆಯ ವೇಳೆ ಟ್ರಿಗರ್‌ನೊಳಗೆ ಅಂಟು ಹೆಚ್ಚಾಗಿ ಸೇರಿರುವ ಸಾಧ್ಯತೆಯಿದೆ ಎಂಬ ಕಾರಣಕ್ಕೆ, 2006ರಿಂದ ಮಾರಾಟವಾಗಿದ್ದ ರೈಫಲ್‌ಗಳನ್ನು ತಪಾಸಣೆಗಾಗಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಉಕ್ಕಿಗೆ ಬೆಂಕಿ ತಾಗಿಸುವ ಕೆಲಸವು ಇದಕ್ಕಿಂತಲೂ ಕೆಟ್ಟದ್ದು. ಮೌಸರ್ ರೈಫಲ್‌ಗೆ ದುರ್ಬೀನು ಕೂರಿಸುವುದಕ್ಕಾಗಿ ಬೋಲ್ಟಿನ ಹಿಡಿಕೆಯನ್ನು ಜ್ವಾಲೆಯಲ್ಲಿ ಕಾಯಿಸಿ ಬಗ್ಗಿಸುವ ರೂಢಿ ಯುದ್ಧಾನಂತರದ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಶಾಖ ಬೋಲ್ಟಿನ ಉದ್ದಕ್ಕೂ ಹರಿದರೆ ಒತ್ತಡ ತಡೆಯುವ ಭಾಗಗಳ ಹದವೇ ಕೆಡುತ್ತದೆ. ಕಣ್ಣಳತೆಯಲ್ಲಿ ಹದ ನೋಡುವುದರ ಪರಿಣಾಮವೇನೆಂಬುದಕ್ಕೆ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ಇತಿಹಾಸವೇ ಸಾಕ್ಷಿ. ಅಲ್ಲಿನ ನುರಿತ ಕಮ್ಮಾರರು ಕಾದ ಉಕ್ಕಿನ ಬಣ್ಣ ನೋಡಿಯೇ ಉಷ್ಣಾಂಶವನ್ನು ಅಂದಾಜಿಸುತ್ತಿದ್ದರು. 1917ರಲ್ಲಿ ಕೆಲವು ರೈಫಲ್‌ಗಳು ಒಡೆದ ಬಳಿಕ ನಡೆದ ತನಿಖೆಯಲ್ಲಿ, ಬಿಸಿಲಿನ ದಿನ ಸರಿಯಾಗಿ ಕಂಡ ಬಣ್ಣವು ಮೋಡದ ದಿನಕ್ಕಿಂತ ಬಹಳ ಹೆಚ್ಚಿನ ಶಾಖದ್ದೆಂದು, ಕೆಲವು ತುಂಡುಗಳು ಕುಲುಮೆಯಲ್ಲೇ ಅತಿಯಾಗಿ ಕಾದು ಪೆಡಸಾಗಿದ್ದವೆಂದು ತಿಳಿದುಬಂತು. ಆ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ರೈಫಲ್‌ಗಳನ್ನು ಬಲ್ಲವರು ಈಗಲೂ ಹಾರಿಸದೆ ಹಾಗೆಯೇ ಇಡುವಂತೆ ಹೇಳುತ್ತಾರೆ. ಅದೇ ಕೆಲಸದಲ್ಲಿ ಆಯುಷ್ಯ ಕಳೆದವರ ಕಣ್ಣೇ ಮೋಸಹೋದ ಮೇಲೆ, ರಜಾದಿನದ ಹವ್ಯಾಸಿಯ ಕಣ್ಣನ್ನು ನಂಬಲು ಯಾವ ಆಧಾರವೂ ಇಲ್ಲ.

ದೇಹಕ್ಕೆ ಹೊಂದುವಂತೆ ಮಾಡುವ ತಿದ್ದುಪಡಿಗಳ ವಿಷಯ ಬೇರೆಯೇ. ಬ್ರಿಟಿಷ್ ಸೇನೆಯು ಎರಡನೇ ಮಹಾಯುದ್ಧದಲ್ಲಿ ಗುರಿಕಾರರಿಗಾಗಿ ಲೀ–ಎನ್‌ಫೀಲ್ಡ್ ರೈಫಲ್‌ಗಳನ್ನು ಸಿದ್ಧಪಡಿಸುವಾಗ, ಪರೀಕ್ಷೆಯಲ್ಲಿ ನಿಖರವೆಂದು ಕಂಡವುಗಳನ್ನು ಮೊದಲು ಆರಿಸಿ, ಅವುಗಳಿಗೆ ದುರ್ಬೀನಿನ ಜತೆ ಕೆನ್ನೆಗೆ ಆಸರೆಯಾಗುವ ಒಂದು ಮರದ ತುಂಡನ್ನು ಹಿಡಿಯ ಮೇಲೆ ತಿರುಪು ಹಾಕಿ ಕೂರಿಸಿತು. ಕಣ್ಣು ಪ್ರತಿಸಲವೂ ಒಂದೇ ಎತ್ತರಕ್ಕೆ ಬರುವಂತೆ ಮಾಡಿದ ಆ ತುಂಡಿನಿಂದ ಯಾವ ಲೋಹವೂ ಸವೆಯಲಿಲ್ಲ, ಬೇಡವೆನಿಸಿದರೆ ಕಳಚಬಹುದಿತ್ತು. ತೇವ ಹೀರಿ ಉಬ್ಬುವ ಮರವು ನಳಿಕೆಯನ್ನು ಒತ್ತಿ ಗುರಿ ಸರಿಸದಂತೆ ನಡುವೆ ತುಸು ಅಂತರ ಬಿಡಿಸುವುದು ಸಹ ಅನುಭವಿಗಳ ಕೈಯಲ್ಲಿ ಫಲ ಕೊಟ್ಟ ಕ್ರಮವೇ.

ಸುಧಾರಣೆ ಆಯಿತೆಂದು ಹೇಳಿಕೊಳ್ಳುವವರ ಪುರಾವೆಯನ್ನೂ ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ. ಒಂದೇ ರೈಫಲ್, ಒಂದೇ ಬಗೆಯ ತೋಟಾ ಇದ್ದರೂ ಮೂರು ಮೂರು ಗುಂಡುಗಳ ಗುಂಪುಗಳು ಒಂದರಿಂದೊಂದಕ್ಕೆ ದುಪ್ಪಟ್ಟು ವ್ಯತ್ಯಾಸ ತೋರಿಸುವುದು ಸಾಮಾನ್ಯ. ತಿದ್ದಿದ ನಂತರ ಹಾರಿಸಿದ ಒಂದು ಒಳ್ಳೆಯ ಗುಂಪು ಏನನ್ನೂ ಸಾಬೀತುಪಡಿಸುವುದಿಲ್ಲ. ಮೊದಲೂ ನಂತರವೂ ಹತ್ತು ಹತ್ತು ಗುಂಡುಗಳ ಹಲವು ಗುಂಪುಗಳನ್ನು ಅಳೆದು ಹೋಲಿಸಿದಾಗ ಮಾತ್ರ ಮಾತನಾಡಲು ಆಧಾರ ಸಿಗುತ್ತದೆ, ಮತ್ತು ಅಷ್ಟು ಗುಂಡು ಹಾರಿಸಿದವನಿಗೆ ಅಭ್ಯಾಸದಿಂದ ಬಂದ ಲಾಭವೇ ಅರದಿಂದ ಬಂದದ್ದಕ್ಕಿಂತ ದೊಡ್ಡದಿರುತ್ತದೆ.

ಭಾರತದಲ್ಲಿ ಈ ಚರ್ಚೆಗೆ ಕಾನೂನಿನ ಗೆರೆಯೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕಿನ ತಯಾರಿಕೆ, ಪರಿವರ್ತನೆ ಮತ್ತು ದುರಸ್ತಿಗೆ ಪ್ರತ್ಯೇಕ ಪರವಾನಗಿಯನ್ನು ಬೇಡುತ್ತದೆ; 6ನೇ ಕಲಮು ನಳಿಕೆ ಮೋಟು ಮಾಡುವುದನ್ನು ನಿರ್ಬಂಧಿಸುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಣೆಗೊಂಡ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಹಾಗೂ ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ಅದನ್ನು ಬಿಚ್ಚಿ ತಿದ್ದುವುದಕ್ಕಲ್ಲ. ಪರವಾನಗಿ ಬೇಡದ ಏರ್‌ಗನ್‌ಗಳಿಗೂ 2016ರ ನಿಯಮಗಳು 20 ಜೌಲ್ ಶಕ್ತಿಯ ಮಿತಿ ಹಾಕಿರುವುದರಿಂದ, ಬಿರುಸಾದ ಸ್ಪ್ರಿಂಗ್ ಹಾಕಿ ಆ ಮಿತಿ ದಾಟಿಸಿದವನು ಪರವಾನಗಿಯಿಲ್ಲದ ಆಯುಧದ ಒಡೆಯನಾಗುತ್ತಾನೆ. ಕೋವಿ ಇರುವ ಮನೆಯವರು ಅದನ್ನು ಶುಚಿಯಾಗಿಟ್ಟು, ಹಿಡಿಯ ತಿರುಪುಗಳನ್ನು ಬಿಗಿಮಾಡಿ, ಹೆಗಲಿಗೆ ಒಪ್ಪುವ ಪಟ್ಟಿ ಹಾಕಿಕೊಂಡು ಅಷ್ಟಕ್ಕೇ ನಿಲ್ಲಿಸಲಿ. ಟ್ರಿಗರ್, ಬೋಲ್ಟ್, ನಳಿಕೆಗಳಲ್ಲಿ ದೋಷ ಕಂಡರೆ ಪರವಾನಗಿ ಪಡೆದ ಕೋವಿ ದುರಸ್ತಿಗಾರರ ಬಳಿಗೆ ಒಯ್ಯಲಿ.