ಡೇಸಿ ಹೂವಿನ ಅರ್ಥ

ಇಂಗ್ಲಿಷ್ ಪದ್ಯಪಾಠಗಳಲ್ಲಿ ಡೇಸಿ ಹೂವಿನ ವರ್ಣನೆಯನ್ನು ಕಂಠಪಾಠ ಮಾಡಿದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ. ಅದನ್ನು ಕಣ್ಣಾರೆ ಕಂಡವರು ವಿರಳ. ಕಾಣದ ಹೂವಿಗೆ ಅರ್ಥ ಹೇಳುವದು ಸುಲಭ. ಡೇಸಿಯೆಂದರೆ ಮುಗ್ಧತೆ, ಡೇಸಿಯೆಂದರೆ ವಿನಯ; ತುಳಿದರೂ ಮುನಿಯದೆ ನಗುವ ಈ ಹೂವಿನಂತೆ ಹೆಣ್ಣುಮಕ್ಕಳು ಇರತಕ್ಕದ್ದೆಂದು ಉಪದೇಶಿಸುವವರುಂಟು. ಈ ಉಪದೇಶವನ್ನು ನಾವು ಒಪ್ಪಲಾರೆವು.

ಇದಕ್ಕೆ ಕವಿಗಳೂ ಸ್ವಲ್ಪಮಟ್ಟಿಗೆ ಹೊಣೆಗಾರರು. ತನ್ನ ನೇಗಿಲಿಗೆ ಸಿಕ್ಕಿ ಉರುಳಿದ ಡೇಸಿಯನ್ನು ಕುರಿತು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸನು ಬರೆದ ಪದ್ಯವು 1786ರಲ್ಲಿ ಅಚ್ಚಾಯಿತು. ಅದರಲ್ಲಿ ಆತನು ಹೂವಿನ ಗತಿಯನ್ನು ಮೋಸಹೋದ ಮುಗ್ಧ ಕನ್ಯೆಯ ಗತಿಗೆ ಹೋಲಿಸಿದನು. ಅದೇ ಪದ್ಯದಲ್ಲಿ ತನ್ನ ಗತಿಗೂ ಹೋಲಿಸಿಕೊಂಡನೆಂಬದನ್ನು ಮಾತ್ರ ಉಪದೇಶಕರು ಮರೆಯುತ್ತಾರೆ!

ಹೂವನ್ನೇ ನೋಡೋಣ. ಡೇಸಿಯ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರಾಕಾರವಾಗಿ ಹರಡಿರುವವು. ಆದುದರಿಂದ ಕುರಿಗಳ ಬಾಯಿಗಾಗಲಿ ಹುಲ್ಲು ಕತ್ತರಿಸುವ ಯಂತ್ರಕ್ಕಾಗಲಿ ಅವು ಸುಲಭವಾಗಿ ಸಿಕ್ಕುವದಿಲ್ಲ; ಒಂದು ಹೂವು ಹೋದರೆ ಬುಡದಿಂದ ಮತ್ತೊಂದು ಏಳುವದು. ಇದು ದೈನ್ಯವಲ್ಲ, ಗಟ್ಟಿತನ. ಮೇಲಾಗಿ, ನಾವು ಒಂದು ಹೂವೆಂದು ತಿಳಿಯುವದು ನಿಜವಾಗಿ ಒಂದು ಕೂಟ. ನಡುವಿನ ಹಳದಿಯ ಬಟ್ಟಲಲ್ಲಿ ಹತ್ತಾರು ಕಿರುಹೂಗಳಿವೆ. ಸುತ್ತಲಿನ ಬಿಳಿಯ ಎಸಳು ಒಂದೊಂದೂ ಒಂದು ಹೂವೇ. ಹಳೆಯ ಇಂಗ್ಲಿಷಿನಲ್ಲಿ ಇದರ ಹೆಸರಿಗೆ ‘ಹಗಲಿನ ಕಣ್ಣು’ ಎಂದು ಅರ್ಥ. ಬೆಳಕಾದೊಡನೆ ಎಸಳನ್ನು ತೆರೆದು ಸಂಜೆಗೆ ಮುಚ್ಚುವದರಿಂದ ಈ ಹೆಸರು ಬಂದಿತು. ಕಣ್ತೆರೆದು ಸೂರ್ಯನನ್ನು ನೋಡುವ ಹೂವಿನ ಹೆಸರಿನಲ್ಲಿ ಹುಡುಗಿಯರಿಗೆ ತಲೆ ತಗ್ಗಿಸುವ ಪಾಠವನ್ನು ಹೇಳುವದು ವಿಚಿತ್ರವೇ ಸರಿ.

ಈ ಹೂವು ನಮ್ಮ ದೇಶಕ್ಕೆ ಬಂದ ಕಥೆಯೊಂದುಂಟು. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ ವಿಲಿಯಂ ಕೇರಿಯವರು ಬಂಗಾಳದ ಶ್ರೀರಾಮಪುರದಲ್ಲಿ ದೊಡ್ಡ ತೋಟವನ್ನು ಬೆಳೆಸಿದ್ದರು. ಇಂಗ್ಲೆಂಡಿನಿಂದ ಬಂದ ಬೀಜದ ಚೀಲಗಳನ್ನು ಅವರು ನೆರಳಿನ ನೆಲದ ಮೇಲೆ ಕೊಡವಿದಾಗ, ಕೆಲವು ದಿನಗಳಲ್ಲಿ ಒಂದು ಡೇಸಿ ಗಿಡ ತಲೆಯೆತ್ತಿತು. 1793ರಲ್ಲಿ ಸ್ವದೇಶವನ್ನು ಬಿಟ್ಟಂದಿನಿಂದ ಅವರು ಆ ಹೂವನ್ನು ಕಂಡಿರಲಿಲ್ಲ. ಅವರಿಗಾದ ಹರ್ಷವನ್ನು ಕೇಳಿ ಜೇಮ್ಸ್ ಮಾಂಟ್‌ಗೊಮೆರಿ ಕವಿಯು ಪದ್ಯವನ್ನೇ ರಚಿಸಿದನು. ತಾಯ್ನಾಡಿನಲ್ಲಿ ವರ್ಷಗಟ್ಟಲೆ ಬಾಳುವ ಆ ಗಿಡವು ಬಂಗಾಳದ ಹವೆಯಲ್ಲಿ ನಿಲ್ಲಲಿಲ್ಲ. ಕೇರಿಯವರು ಋತುವಿನಿಂದ ಋತುವಿಗೆ ಬೀಜವನ್ನು ಕಾದಿರಿಸಿ ಬಿತ್ತಿ ಅದನ್ನು ಉಳಿಸಿಕೊಂಡರು. ಡೇಸಿಗೆ ಅವರು ಕಂಡ ಅರ್ಥ ತವರು.

ಇಂದು ದೂರದೇಶಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಯಾವ ಹೂವು ಹಾಗೆ ತವರನ್ನು ನೆನಪಿಗೆ ತಂದೀತು? ಮಲ್ಲಿಗೆ, ಸಂಪಿಗೆಯೆಂದು ಎಲ್ಲರೂ ಹೇಳುವರು. ನಾವು ಗರುಗದ ಹೆಸರನ್ನು ಸೇರಿಸಬಯಸುತ್ತೇವೆ. ಗದ್ದೆಯ ಬದುವಿನಲ್ಲಿ, ಕಾಲುವೆಯ ತೇವದಲ್ಲಿ ಯಾರೂ ನೆಡದೆ ಬೆಳೆಯುವ, ಅಜ್ಜಿಯರು ತಲೆಗೆಣ್ಣೆಗೆ ರಸ ಹಿಂಡುವ ಆ ಗರುಗವೇ! ಅದರ ಬಿಳಿಯ ಕಿರುಹೂವು ಡೇಸಿ, ಸೇವಂತಿಗೆ, ಸೂರ್ಯಕಾಂತಿಗಳ ಕುಲಕ್ಕೇ ಸೇರಿದ್ದು. ಅದೂ ಹಾಗೆಯೇ ಹಲವು ಹೂಗಳ ಕೂಟ. ಇಂಗ್ಲಿಷಿನವರು ಅದನ್ನು ‘ಸುಳ್ಳು ಡೇಸಿ’ ಎನ್ನುವರು. ಸುಳ್ಳೆನ್ನಲು ನಮಗೆ ಕಾರಣ ಕಾಣದು.

ಡೇಸಿಯ ಪದ್ಯವನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆ ಪಾಠ ಬಂದ ವಾರ ಪಾಲಕರು ಮಗಳನ್ನು ಬದುವಿನ ಬಳಿಗೆ ಕರೆದೊಯ್ದು ಗರುಗದ ಒಂದು ಹೂವನ್ನು ಅವಳ ಅಂಗೈಯಲ್ಲಿ ಬಿಡಿಸಿ ತೋರಿಸಲಿ. ಅದರ ಅರ್ಥವನ್ನು ಅವಳೇ ಹೇಳಲಿ.